ಕಮಲಾ ಸೋಹೋನಿ: ಎಲೆಕ್ಟ್ರಾನಿನ ಹಾದಿ ಹಿಡಿದ ವಿದುಷಿ

ಮುಂಬಯಿಯ ಫೋರ್ಟ್ ಭಾಗದಲ್ಲಿರುವ ವಿಜ್ಞಾನ ಸಂಸ್ಥೆಯ ಕಲ್ಲುಕಟ್ಟಡವನ್ನು ನಾವು ಎಷ್ಟೋ ಸಲ ಹಾದುಹೋಗಿದ್ದೇವೆ. ಅಲ್ಲಿ ಜೀವರಸಾಯನದ ಪ್ರಾಧ್ಯಾಪಕಿಯಾಗಿ, ಮುಂದೆ ನಿರ್ದೇಶಕಿಯಾಗಿ ದುಡಿದ ಡಾ. ಕಮಲಾ ಸೋಹೋನಿಯವರ ಬಾಳಿಗೆ ನಮ್ಮ ಬೆಂಗಳೂರಿನ ನಂಟೂ ಉಂಟು.

1911ರಲ್ಲಿ ಜನಿಸಿದ ಕಮಲಾ ಭಾಗವತರ ತಂದೆಯೂ ತಂದೆಯ ಸೋದರರೂ ಬೆಂಗಳೂರಿನ ಟಾಟಾ ವಿಜ್ಞಾನ ಮಂದಿರದಲ್ಲಿ ರಸಾಯನ ಕಲಿತವರು. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯನ್ನು ಉನ್ನತ ಶ್ರೇಣಿಯಲ್ಲಿ ಗಳಿಸಿದ ಮಗಳು ಅದೇ ಮಂದಿರದ ಬಾಗಿಲು ತಟ್ಟಿದಾಗ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಿದರು. ಆಕೆ ಹಿಂದಿರುಗಲಿಲ್ಲ, ಸತ್ಯಾಗ್ರಹಕ್ಕೆ ನಿಂತರು. ಒಂದು ವರ್ಷದ ಪರೀಕ್ಷಾವಧಿಯೆಂಬ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಎಂ. ಶ್ರೀನಿವಾಸಯ್ಯನವರ ಕಟ್ಟುನಿಟ್ಟಿನ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳ ಸಸಾರಜನಕವನ್ನು ಅಭ್ಯಸಿಸಿದರು. ವರ್ಷ ಕಳೆಯುವಷ್ಟರಲ್ಲಿ ರಾಮನ್ನರ ಮನಸ್ಸು ಬದಲಾಗಿ, ಇತರ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯಿತು.

ಮುಂದೆ ಕೇಂಬ್ರಿಜ್. ಅಲ್ಲಿ ಆಕೆ ಕಂಡುದರ ಮಹತ್ವವನ್ನು ನಾವು ಅರಿಯಬೇಕಾದರೆ ಪರಮಾಣುಗಳ ಸ್ವಭಾವವನ್ನು ತುಸು ತಿಳಿಯಬೇಕು. ಪರಮಾಣುಗಳೆಲ್ಲವೂ ಎಲೆಕ್ಟ್ರಾನುಗಳನ್ನು ಸಮಬಲದಿಂದ ಸೆಳೆಯುವುದಿಲ್ಲ. ನೀರಿನಲ್ಲಿ ಜಲಜನಕವೂ ಆಮ್ಲಜನಕವೂ ಎಲೆಕ್ಟ್ರಾನುಗಳನ್ನು ಹಂಚಿಕೊಂಡಿದ್ದರೂ ಅವು ಆಮ್ಲಜನಕದ ಕಡೆಗೇ ವಾಲಿರುತ್ತವೆ. ಈ ಸೆಳೆತವನ್ನು ಅಳೆಯಲು ಅಮೆರಿಕದ ಲೈನಸ್ ಪಾಲಿಂಗ್ 1932ರಲ್ಲಿ ಒಂದು ಮಾನವನ್ನು ರಚಿಸಿದರು. ಇಂದಿನ ಲೆಕ್ಕದಲ್ಲಿ ಜಲಜನಕಕ್ಕೆ 2.2, ಆಮ್ಲಜನಕಕ್ಕೆ 3.4. ನಮ್ಮ ಉಸಿರಾಟದ ಹಿಂದೆಯೂ ಇದೇ ಸೆಳೆತವಿದೆ. ಆಹಾರದಿಂದ ಹೊರಟ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ದಾಟಿ ಕಡೆಗೆ ಆಮ್ಲಜನಕವನ್ನು ಸೇರುತ್ತವೆ. ಹಾಗೆ ದಾಟಿಸುವ ವಸ್ತುಗಳಲ್ಲೊಂದು ಸೈಟೋಕ್ರೋಮ್ ಸಿ. ಅದರೊಳಗಿನ ಕಬ್ಬಿಣದ ಪರಮಾಣು ಎಲೆಕ್ಟ್ರಾನನ್ನು ಪಡೆದು ಮುಂದಕ್ಕೆ ಕೊಡುತ್ತದೆ. ಸಸ್ಯಗಳ ಜೀವಕೋಶಗಳಲ್ಲಿಯೂ ಅದು ಇದೆಯೆಂಬುದನ್ನು ಆಕೆ ಆಲೂಗೆಡ್ಡೆಯ ಮೇಲಿನ ಪ್ರಯೋಗಗಳಿಂದ ತೋರಿಸಿದರು. 1939ರಲ್ಲಿ ಡಾಕ್ಟರೇಟ್ ಲಭಿಸಿತು. ಆ ಪ್ರಬಂಧ ಬರಿಯ 40 ಪುಟಗಳದ್ದು.

ವಿದೇಶದ ಮಾನಸನ್ಮಾನಗಳಿಗೆ ಕಟ್ಟುಬೀಳದೆ ಅದೇ ವರ್ಷ ಸ್ವದೇಶಕ್ಕೆ ಮರಳಿದರು. ದೆಹಲಿ, ಕೂನೂರುಗಳಲ್ಲಿ ದುಡಿದು, 1947ರಲ್ಲಿ ವಿವಾಹವಾಗಿ ಮುಂಬಯಿಯಲ್ಲಿ ನೆಲೆಸಿದರು. ಇಲ್ಲಿ ವಿದ್ಯಾರ್ಥಿಗಳೊಡನೆ ನೀರಾ, ಬೇಳೆ, ಅಕ್ಕಿಹಿಟ್ಟುಗಳ ಪೋಷಕಗುಣವನ್ನು ಪರೀಕ್ಷಿಸಿದರು. ನೀರಾ ಸೇವನೆಯಿಂದ ಆದಿವಾಸಿ ಮಕ್ಕಳ, ಗರ್ಭಿಣಿಯರ ಆರೋಗ್ಯ ಸುಧಾರಿಸುವುದೆಂಬ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿ ಸಂದಿತು. ನಿರ್ದೇಶಕಿಯ ಪದವಿ ಮಾತ್ರ ತಡವಾಗಿಯೇ ದೊರೆಯಿತು.

1998ರಲ್ಲಿ ಆಕೆ ತೀರಿಕೊಂಡರು. ಹೆಣ್ಣುಮಗಳ ಓದಿಗೆ ಹಿಂದೆಮುಂದೆ ನೋಡುವ ಮನೆಗಳು ನಮ್ಮವರಲ್ಲಿ ಇನ್ನೂ ಇದ್ದರೆ, ಬೆಂಗಳೂರಿನ ಆ ಬಾಗಿಲನ್ನು ಒಮ್ಮೆ ನೆನೆಯಲಿ.