ಹಾರಾಟವನ್ನು ಜನರ ಕಣ್ಣಿಗೆ ತಂದವನು

ನಮ್ಮ ನಗರದ ಮೇಲೆ ವಿಮಾನವು ಹಾರಿಹೋದರೆ ಇಂದು ನಾವು ತಲೆಯೆತ್ತಿ ನೋಡುವುದೇ ಅಪರೂಪ. ಆದರೆ ಮನುಷ್ಯನು ಹಾರಬಲ್ಲನೆಂಬ ಮಾತನ್ನು ಜನರು ಕಣ್ಣಾರೆ ಕಂಡಲ್ಲದೆ ನಂಬದಿದ್ದ ಕಾಲವೊಂದಿತ್ತು. ಅಂದು ಆ ನಂಬಿಕೆಯನ್ನು ಬೆಳೆಸಲು ದುಡಿದವರಲ್ಲಿ ಕ್ಲಾಡ್ ಗ್ರಹಾಂ-ವೈಟ್ ಪ್ರಮುಖನು.

1879ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಈತನು ಮೋಟಾರು ವ್ಯಾಪಾರಿಯಾಗಿದ್ದನು. 1909ರಲ್ಲಿ ಬ್ಲೇರಿಯೋ ಎಂಬ ಫ್ರೆಂಚನು ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿದ ಸುದ್ದಿಯು ಆತನ ಮನಸ್ಸನ್ನು ಸೆಳೆಯಿತು. ಆತನು ಫ್ರಾನ್ಸಿಗೆ ತೆರಳಿ ಹಾರುವುದನ್ನು ಕಲಿತನು.

ಲಂಡನ್ನಿನಿಂದ ಮ್ಯಾಂಚೆಸ್ಟರಿಗೆ 24 ಗಂಟೆಗಳೊಳಗೆ ಹಾರಿದವನಿಗೆ ‘ಡೈಲಿ ಮೇಲ್’ ಪತ್ರಿಕೆಯು 10,000 ಪೌಂಡುಗಳ ಬಹುಮಾನವನ್ನು ಸಾರಿತ್ತು. 1910ರ ಏಪ್ರಿಲ್ 27ರ ಸಂಜೆ ಫ್ರಾನ್ಸಿನ ಲೂಯಿ ಪೊಲಾನನು ಲಂಡನ್ನಿನ ಬಳಿಯ ಹೆಂಡನ್ನಿನಿಂದ ಹೊರಟನು. ಒಂದು ಗಂಟೆಗೂ ಹೆಚ್ಚು ತಡವಾಗಿ ಹೊರಟ ಗ್ರಹಾಂ-ವೈಟನು ಕತ್ತಲಾದಾಗ ದಾರಿಯಲ್ಲಿ ಇಳಿಯಬೇಕಾಯಿತು. ಎದುರಾಳಿಯು ಬಹುದೂರ ಮುಂದಿರುವನೆಂದು ತಿಳಿದು, ಬೆಳಗಾಗುವುದನ್ನು ಕಾಯದೆ, ಮೋಟಾರು ದೀಪಗಳ ಬೆಳಕಿನಲ್ಲಿ ನಡುರಾತ್ರಿ ಕಳೆದ ಮೇಲೆ ಮತ್ತೆ ನೆಲಬಿಟ್ಟೆದ್ದನು. ಇರುಳಲ್ಲಿ ಹಾರುವುದು ಅಂದಿಗೆ ಪ್ರಾಣವನ್ನು ಪಣವೊಡ್ಡುವ ಸಾಹಸ. ಆದರೂ ಯಂತ್ರವು ಕೈಕೊಟ್ಟಿತು. ಮುಂಜಾನೆ ಪೊಲಾನನು ಗುರಿ ಮುಟ್ಟಿದನು. ಸೋತ ಗ್ರಹಾಂ-ವೈಟನು ಮುಖ ಬಾಡಿಸಲಿಲ್ಲ. ಗೆದ್ದವನ ಮುಂದೆ ತಾನಿನ್ನೂ ಹೊಸಬನೆಂದು ಒಪ್ಪಿ, ಅವನಿಗೆ ಜಯಕಾರ ಹಾಕಿರೆಂದು ನೆರೆದ ಜನರನ್ನು ಕೋರಿದನು. ಅದೇ ವರ್ಷ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ನಡೆದ ಗಾರ್ಡನ್ ಬೆನೆಟ್ ಪಂದ್ಯವು ಆತನದಾಯಿತು.

ಆದರೆ ಆತನ ಹಿರಿಯ ಕಾರ್ಯವು ಈ ಗೆಲುವಲ್ಲ. ಎದುರಾಳಿಯು ಹೊರಟಿದ್ದ ಹೆಂಡನ್ನಿನಲ್ಲಿಯೇ 1911ರಲ್ಲಿ ಆತನು ವಿಮಾನನಿಲ್ದಾಣವನ್ನು ಸ್ಥಾಪಿಸಿದನು. ವಾರದ ಕೊನೆಯಲ್ಲಿ ಅಲ್ಲಿ ಪ್ರದರ್ಶನಗಳೂ ಪಂದ್ಯಗಳೂ ನಡೆದವು. ವಿಮಾನಗಳು ಗುರುತಿನ ಕಂಬಗಳನ್ನು ಸುತ್ತಿಬರುತ್ತಿದ್ದುದರಿಂದ ಓಟವು ನೋಡುವವರ ಕಣ್ಣೆದುರಿನಲ್ಲಿಯೇ ಸಾಗುತ್ತಿತ್ತು. ಅದೇ ವರ್ಷ ಸೆಪ್ಟೆಂಬರ್ 9ರಂದು ಬ್ರಿಟನ್ನಿನ ಮೊದಲ ವಿಮಾನ ಅಂಚೆಯು ಹೆಂಡನ್ನಿನಿಂದಲೇ ವಿಂಡ್ಸರಿಗೆ ಹೋಯಿತು. 1912ರ ಜೂನಿನಲ್ಲಿ ಲಂಡನ್ನನ್ನು ಬಳಸಿಬರುವ 81 ಮೈಲಿಗಳ ‘ಏರಿಯಲ್ ಡರ್ಬಿ’ ಪಂದ್ಯವು ಮೊದಲಾಯಿತು. ಸಾವಿರಾರು ಜನ ಬಂದರು, ಕಂಡರು, ನಂಬಿದರು.

1914ರಲ್ಲಿ ಮಹಾಯುದ್ಧವು ಬಂದಿತು. ನಿಲ್ದಾಣವು ಸರಕಾರದ ವಶವಾಯಿತು. ಯುದ್ಧವು ಮುಗಿದರೂ ಅದು ಮರಳಿ ಕೈಸೇರಲಿಲ್ಲ; ದೀರ್ಘ ವಿವಾದದ ಬಳಿಕ ಸರಕಾರದ ಸೊತ್ತಾಯಿತು. ಕಟ್ಟಿದವನು ವಿಮಾನಗಳ ಲೋಕವನ್ನೇ ತೊರೆದು, 1959ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಕಣ್ಮುಚ್ಚಿದನು. 1972ರಲ್ಲಿ ಹೆಂಡನ್ನಿನಲ್ಲಿ ಬ್ರಿಟನ್ನಿನ ವಾಯುಪಡೆಯ ವಸ್ತುಸಂಗ್ರಹಾಲಯವು ತೆರೆಯಿತು. ಆತನ ಕಾರ್ಖಾನೆಯ ಕಟ್ಟಡವೂ ಈಗ ಅಲ್ಲಿ ಸೇರಿದೆ.

ಪಂದ್ಯದಲ್ಲಿ ಸೋತಾಗ ನಾವು ಎದುರಾಳಿಯನ್ನು ಮೆಚ್ಚಬಲ್ಲೆವೇ? ನಾವು ಕಟ್ಟಿದ್ದು ನಮ್ಮ ಕೈಬಿಟ್ಟುಹೋದರೂ ಅದರಿಂದ ಜನರಿಗೆ ಒಳಿತಾಯಿತೆಂದು ಸಮಾಧಾನ ತಾಳಬಲ್ಲೆವೇ? ಈತನ ಬಾಳು ನಮ್ಮನ್ನು ಕೇಳುವ ಪ್ರಶ್ನೆಗಳಿವು.