ಐರೀನ್ ಜೋಲಿಯೋ ಕ್ಯೂರಿ ಎಂಬ ವಿದುಷಿಯ ಚರಿತ್ರೆ

ಪ್ರಸಿದ್ಧರ ಮಕ್ಕಳಿಗೆ ಕೀರ್ತಿಯು ತಾನಾಗಿಯೇ ಒದಗುವದೆಂದು ಹಲವರು ಎಣಿಸುವದುಂಟು. ರೇಡಿಯಮನ್ನು ಕಂಡುಹಿಡಿದ ಮೇರಿ ಕ್ಯೂರಿಯ ಹೆಸರನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಶಾಲಾಬಾಲಿಕೆಯರು ಪಾಠಗಳಲ್ಲಿ ಓದಿ ಬಲ್ಲರು. ಆದರೆ ಆಕೆಯ ಹಿರಿಯ ಮಗಳಾದ ಐರೀನಳ ಹೆಸರು ಅಷ್ಟಾಗಿ ಕೇಳಿಬರುವದಿಲ್ಲ. ತಾಯಿಯ ನೆರಳಿನಲ್ಲಿ ಬೆಳೆದು, ಪರಮಾಣು ರಸಾಯನ ಶಾಸ್ತ್ರಕ್ಕೆ ಹೊಸ ದಾರಿಯನ್ನು ತೋರಿಸಿಕೊಟ್ಟ ಈ ವಿದುಷಿಯ ಚರಿತ್ರೆಯನ್ನು ನಮ್ಮ ಹಳೆ ವಿದ್ಯಾರ್ಥಿನಿಯರಿಗೂ ಮಾತಾಪಿತೃಗಳಿಗೂ ಸಂಕ್ಷೇಪವಾಗಿ ತಿಳಿಸಲಿಚ್ಛಿಸುತ್ತೇವೆ.

ಐರೀನಳು 1897ನೆಯ ಇಸವಿ ಸಪ್ಟಂಬರ 12ರಂದು ಪಾರಿಸ್ ಪಟ್ಟಣದಲ್ಲಿ ಜನಿಸಿದಳು. ತಾಯಿತಂದೆಗಳು ಹಗಲೆಲ್ಲ ಪ್ರಯೋಗಶಾಲೆಯಲ್ಲಿರುತ್ತಿದ್ದುದರಿಂದ ವೈದ್ಯನಾಗಿದ್ದ ಅಜ್ಜನೇ ಆಕೆಯನ್ನು ಬಹುಮಟ್ಟಿಗೆ ಸಾಕಿದನು. 1906ರಲ್ಲಿ ತಂದೆ ಪಿಯೇರ್ ಕ್ಯೂರಿಯು ಕುದುರೆಬಂಡಿಯ ಅಡಿಗೆ ಸಿಕ್ಕಿ ಮೃತನಾದಾಗ ಆಕೆಗೆ ಒಂಬತ್ತು ವರ್ಷ ತುಂಬಿರಲಿಲ್ಲ. ಆಗಿನ ಶಾಲೆಗಳ ಪಾಠಕ್ರಮವು ತಾಯಿಗೆ ಸರಿದೋರದ್ದರಿಂದ, ಆಕೆಯೂ ಆಕೆಯ ಸ್ನೇಹಿತರಾದ ಪಂಡಿತರೂ ಕೂಡಿ ತಮ್ಮ ಮಕ್ಕಳಿಗೆ ಸುಮಾರು ಎರಡು ವರ್ಷ ತಾವೇ ಪಾಠ ಹೇಳಿದರು.

1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಗಾಯಾಳುಗಳ ಮೈಯಲ್ಲಿ ನೆಟ್ಟ ಗುಂಡುಗಳನ್ನು ಕಂಡುಹಿಡಿಯಲು ಮೇರಿಯು ಕ್ಷಕಿರಣ ಯಂತ್ರಗಳನ್ನು ಮೋಟಾರು ಗಾಡಿಗಳಲ್ಲಿರಿಸಿ ರಣರಂಗದ ಆಸ್ಪತ್ರೆಗಳಿಗೆ ಒಯ್ದಾಗ ಮಗಳೂ ಜತೆಗೂಡಿದಳು. ಹದಿನೆಂಟು ವಯಸ್ಸಿನಲ್ಲೇ ಆಕೆಯು ಒಬ್ಬಳೇ ಒಂದು ಕ್ಷಕಿರಣ ಶಾಲೆಯನ್ನು ನಡಿಸಿ, ದಾದಿಯರಿಗೂ ಆ ವಿದ್ಯೆಯನ್ನು ಕಲಿಸಿದಳು. ಆ ಕಿರಣಗಳಿಂದ ಮೈಯನ್ನು ಕಾಪಾಡಿಕೊಳ್ಳುವ ಸಾಧನಗಳು ಆಗ ಬಹಳ ಕಡಿಮೆ.

ಯುದ್ಧವು ಮುಗಿದ ಮೇಲೆ ಐರೀನಳು ಪಾರಿಸಿನ ರೇಡಿಯಂ ಸಂಸ್ಥೆಯಲ್ಲಿ ತಾಯಿಗೆ ಸಹಾಯಕಳಾಗಿದ್ದು, 1925ರಲ್ಲಿ ಪೊಲೋನಿಯಮಿನ ಆಲ್ಫಾ ಕಿರಣಗಳ ಕುರಿತು ಪ್ರಬಂಧವನ್ನು ಬರೆದು ಡಾಕ್ಟರ್ ಪದವಿಯನ್ನು ಪಡೆದಳು. ಮರುವರ್ಷ ಅದೇ ಸಂಸ್ಥೆಯ ಫ್ರೆಡರಿಕ್ ಜೋಲಿಯೋ ಎಂಬವನನ್ನು ವಿವಾಹವಾದಳು. ಇವರಿಗೆ ಒಬ್ಬ ಮಗಳೂ ಒಬ್ಬ ಮಗನೂ ಹುಟ್ಟಿದರು.

ಈ ದಂಪತಿಗಳಿಗೆ ಜಯವು ಸುಲಭವಾಗಿ ದೊರೆಯಲಿಲ್ಲ. 1932ರಲ್ಲಿ ಬೆರಿಲಿಯಮಿನಿಂದ ಹೊರಡುವ ಒಂದು ಕಿರಣವು ಮೇಣದೊಳಗಿಂದ ಪ್ರೋಟಾನುಗಳನ್ನು ಹೊಡೆದೆಬ್ಬಿಸುವದನ್ನು ಅವರು ಕಂಡರು. ಆದರೆ ಅದು ಗ್ಯಾಮಾ ಕಿರಣವೆಂದು ತಿಳಿದರು. ಅದೇ ಸಂಗತಿಯನ್ನು ಪರೀಕ್ಷಿಸಿದ ಇಂಗ್ಲೆಂಡಿನ ಜೇಮ್ಸ್ ಚಾಡ್ವಿಕನು ಅಲ್ಲಿ ನ್ಯೂಟ್ರಾನ್ ಎಂಬ ಹೊಸ ಕಣವಿರುವದೆಂದು ಸಿದ್ಧಪಡಿಸಿದನು. 1933ರಲ್ಲಿ ಬ್ರಸೆಲ್ಸಿನಲ್ಲಿ ಕೂಡಿದ ಪಂಡಿತಸಭೆಯಲ್ಲಿ ಅವರ ಬೇರೊಂದು ಪ್ರಯೋಗದ ವಿಷಯದಲ್ಲಿಯೂ ಸಂಶಯವೆದ್ದಿತು. ಬಾಡಿದ ಮುಖದಿಂದ ಹಿಂದಿರುಗಿದರೂ ಅವರು ಕೆಲಸವನ್ನು ಬಿಡಲಿಲ್ಲ.

1934ರ ಜನವರಿಯಲ್ಲಿ ಅಲ್ಯುಮಿನಿಯಮಿನ ತೆಳು ತಗಡನ್ನು ಪೊಲೋನಿಯಮಿನ ಬಳಿಯಿಟ್ಟು, ಬಳಿಕ ಪೊಲೋನಿಯಮನ್ನು ದೂರ ಸರಿಸಿದರು. ಆದರೂ ತಗಡು ಕಿರಣ ಸೂಸುತ್ತಲೇ ಇದ್ದಿತು. ಆ ಕಿರಣವು ಸುಮಾರು ಮೂರು ಮೂರು ನಿಮಿಷಗಳಿಗೆ ಅರ್ಧರ್ಧವಾಗಿ ತಗ್ಗುತ್ತಿತ್ತು. ಅಲ್ಯುಮಿನಿಯಮಿನ ಪರಮಾಣುಬೀಜವು ಆಲ್ಫಾ ಕಣವನ್ನು ನುಂಗಿ, ನ್ಯೂಟ್ರಾನೊಂದನ್ನು ಹೊರಚೆಲ್ಲಿ, ಹೊಸತೊಂದು ಬಗೆಯ ರಂಜಕವಾಗಿ ಮಾರ್ಪಟ್ಟಿತ್ತು. ಇದನ್ನು ರುಜುಪಡಿಸುವದು ರಸಾಯನ ಶಾಸ್ತ್ರದ ಕೆಲಸ. ರಂಜಕವು ಕ್ಷಯಿಸಿಹೋಗುವ ಮುಂಚೆ ಕೆಲವೇ ನಿಮಿಷಗಳೊಳಗೆ ತಗಡನ್ನು ಆಮ್ಲದಲ್ಲಿ ಕರಗಿಸಿ, ಏಳುವ ಅನಿಲವನ್ನು ಕೊಳವೆಯಲ್ಲಿ ಹಿಡಿದು ನೋಡಿದರು. ಕಿರಣ ಸೂಸುವ ಗುಣವು ಆ ಅನಿಲದೊಡನೆ ಹೋಗಿತ್ತು! ಮನುಷ್ಯನು ಕೃತ್ರಿಮವಾಗಿ ವಿಕಿರಣವಸ್ತುವನ್ನು ಮಾಡಿದ್ದು ಇದೇ ಮೊದಲು. ಮೇರಿಯು ಇದನ್ನು ಕಣ್ಣಾರೆ ಕಂಡು, ಅದೇ ವರ್ಷ ಜುಲಾಯಿಯಲ್ಲಿ ತೀರಿಕೊಂಡಳು. 1935ರಲ್ಲಿ ದಂಪತಿಗಳಿಬ್ಬರಿಗೂ ರಸಾಯನ ಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ಥೈರಾಯ್ಡ್ ರೋಗಕ್ಕೆ ಕೊಡುವ ವಿಕಿರಣ ಅಯೋಡಿನೂ ಅರ್ಬುದ ರೋಗದ ಚಿಕಿತ್ಸೆಗೆ ಬಳಸುವ ಕೋಬಾಲ್ಟ್ 60 ಎಂಬದೂ ಹೀಗೆ ಕೃತ್ರಿಮವಾಗಿ ಮಾಡಿದ ವಸ್ತುಗಳೇ.

1936ರಲ್ಲಿ ಐರೀನಳು ಫ್ರಾನ್ಸಿನ ಸರಕಾರದಲ್ಲಿ ವಿಜ್ಞಾನ ಸಂಶೋಧನೆಯ ಉಪಮಂತ್ರಿಣಿಯಾಗಿ ಕೆಲವು ತಿಂಗಳು ಕೆಲಸ ಮಾಡಿದಳು. ಆ ದೇಶದ ಹೆಂಗಸರಿಗೆ ಆಗ ಮತದ ಹಕ್ಕೇ ಇರಲಿಲ್ಲ. ಅದು ದೊರೆತುದು 1944ರಲ್ಲಿ. 1938ರಲ್ಲಿ ಪಾವ್ಲೆ ಸಾವಿಚನೊಡನೆ ಯುರೇನಿಯಮಿನ ಮೇಲೆ ಆಕೆಯು ನಡಿಸಿದ ಪ್ರಯೋಗಗಳು, ಜರ್ಮನಿಯ ಆಟೋ ಹಾನನು ಪರಮಾಣುಬೀಜದ ಒಡೆತವನ್ನು ಕಂಡುಹಿಡಿಯಲು ಪ್ರೇರಣೆಯಾದವು. 1950ರ ಜನವರಿ 11ರಂದು ಕಲ್ಕತ್ತೆಯಲ್ಲಿ ಮೇಘನಾದ ಸಾಹಾ ಅವರು ಕಟ್ಟಿದ ಪರಮಾಣು ಭೌತ ಸಂಸ್ಥೆಯನ್ನು ತೆರೆದವಳು ಈಕೆಯೇ ಎಂಬದು ನಮ್ಮ ದೇಶಕ್ಕೆ ಅಭಿಮಾನದ ಸಂಗತಿ.

ಇಷ್ಟಾದರೂ ಫ್ರಾನ್ಸಿನ ವಿಜ್ಞಾನ ಪರಿಷತ್ತು 1911ರಲ್ಲಿ ತಾಯಿಯನ್ನು ಹೊರಗಿಟ್ಟಂತೆ ಮಗಳನ್ನೂ ಸದಸ್ಯಳಾಗಿ ಸೇರಿಸಿಕೊಳ್ಳಲಿಲ್ಲ. ಐರೀನಳು ಮತ್ತೆ ಮತ್ತೆ ಅರ್ಜಿ ಹಾಕಿದಳು. ಪದವಿಯ ಆಸೆಯಿಂದಲ್ಲ, ಹೆಂಗಸರಿಗೆ ಮುಚ್ಚಿದ ಬಾಗಿಲು ಎಲ್ಲರ ಕಣ್ಣಿಗೆ ಬೀಳಲೆಂದು. ಅಲ್ಲಿ ಪೂರ್ಣ ಸದಸ್ಯತ್ವವು ಒಬ್ಬ ಸ್ತ್ರೀಗೆ ಮೊದಲು ದೊರೆತುದು 1979ರಲ್ಲಿ.

ಕ್ಷಯರೋಗವು ಆಕೆಯನ್ನು ಬಹುಕಾಲ ಪೀಡಿಸಿತ್ತು. ಕಡೆಗೆ, ಬಹುವರ್ಷ ಕಿರಣಗಳ ನಡುವೆ ದುಡಿದುದರ ಫಲವೆಂದು ಎಣಿಸಲಾದ ರಕ್ತದ ಅರ್ಬುದ ರೋಗದಿಂದ 1956ರ ಮಾರ್ಚಿ 17ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ ಕಾಲವಾದಳು. ಮಗಳು ಹೆಲೆನಳು ಪರಮಾಣು ವಿಜ್ಞಾನವನ್ನೇ ಹಿಡಿದಳು.

ಮಗಳ ಬುದ್ಧಿಗೆ ತಕ್ಕ ವಿದ್ಯೆಯನ್ನು ಕೊಡಿಸಲು ಆ ತಾಯಿಯು ಶಾಲೆಯ ಕ್ರಮವನ್ನೇ ಬದಲಿಸಿದಳು. ನಮ್ಮ ಹಳ್ಳಿಯ ಮನೆಗಳಲ್ಲಿಯೂ ಗಣಿತದಲ್ಲಿ, ಪ್ರಯೋಗದಲ್ಲಿ ಮನಸ್ಸಿಟ್ಟ ಬಾಲಿಕೆಯರಿದ್ದಾರೆ. ಅವರ ವಿದ್ಯೆಯನ್ನು ಅರ್ಧದಲ್ಲಿ ನಿಲ್ಲಿಸದೆ ಮುಂದುವರಿಸಬೇಕೆಂದು ಹೆತ್ತವರಲ್ಲಿ ವಿನಯಪೂರ್ವಕವಾಗಿ ಬಿನ್ನವಿಸುತ್ತೇವೆ.