ಅಗ್ಗದ ಬಣ್ಣದಲ್ಲಿ ಅರಳಿದ ಮನೆ

ಕಳೆದ ವರ್ಷ ನಮ್ಮ ಎರಡು ಕೋಣೆಯ ಮನೆಯನ್ನು ಒಂದಿಷ್ಟು ಒಪ್ಪಮಾಡೋಣವೆಂದು ಒಳಾಂಗಣ ವಿನ್ಯಾಸ ಮಾಡುವವರನ್ನು ವಿಚಾರಿಸಿದೆವು. ಬಂದವರು ಗೋಡೆಗಳ ಅಳತೆ ತೆಗೆದುಕೊಂಡು ಹೋಗಿ, ನಾಲ್ಕು ದಿನಗಳಲ್ಲಿ ಕಂಪ್ಯೂಟರಿನಲ್ಲಿ ಮೂಡಿಸಿದ ಚಿತ್ರವನ್ನೂ ಅಂದಾಜು ಪಟ್ಟಿಯನ್ನೂ ಮುಂದಿಟ್ಟರು. ಪಟ್ಟಿಯ ಕೊನೆಯ ಸಾಲಿನ ಮೊತ್ತ ನಮ್ಮ ಕೈಗೆ ಎಟುಕುವಂತಿರಲಿಲ್ಲ ಎಂಬುದು ನಿಜ. ಆದರೆ ಅದಕ್ಕಿಂತ ಹೆಚ್ಚು ಕಸಿವಿಸಿಯಾದದ್ದು ಆ ಚಿತ್ರವನ್ನು ಕಂಡು. ಅದರಲ್ಲಿ ಅಪ್ಪ ಹರಾಜಿನಲ್ಲಿ ಕೊಂಡು ತಂದಿದ್ದ ಹಲಸಿನ ಮರದ ಮೇಜು ಇರಲಿಲ್ಲ. ಅಮ್ಮ ಹೊಲಿದ ಕೌದಿ ಇರಲಿಲ್ಲ. ಮೂವತ್ತು ವರ್ಷಗಳಿಂದ ನಮ್ಮ ಜೊತೆ ಬಾಳಿದ ಯಾವ ವಸ್ತುವೂ ಅಲ್ಲಿರಲಿಲ್ಲ. ಅದು ಯಾರದೋ ಮನೆಯಾಗಿತ್ತು.

ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ಸ್ವೀಡನ್ನಿನ ಚಿತ್ರಕಾರ ಕಾರ್ಲ್ ಲಾರ್ಸನ್. ಬಿಸಿಲು ತುಂಬಿದ ಕೋಣೆಗಳು, ಕಿಟಕಿಯಲ್ಲಿ ಹೂಕುಂಡಗಳು, ಪಟ್ಟೆಪಟ್ಟೆಯ ನೆಲಹಾಸು, ಮೂಲೆಯಲ್ಲಿ ಆಡುವ ಮಕ್ಕಳು. ಆತನ ಜಲವರ್ಣ ಚಿತ್ರಗಳನ್ನು ಹಳೆಯ ಕ್ಯಾಲೆಂಡರಿನಲ್ಲೋ ಶುಭಾಶಯ ಪತ್ರದಲ್ಲೋ ಅನೇಕರು ಹೆಸರು ತಿಳಿಯದೆಯೇ ನೋಡಿರಬಹುದು. ಅವು ಕಲ್ಪನೆಯ ಚಿತ್ರಗಳಲ್ಲ, ಆತನ ಸ್ವಂತ ಮನೆಯ ಚಿತ್ರಗಳು. ಆ ಮನೆಯನ್ನು ಆತ ಮತ್ತು ಆತನ ಪತ್ನಿ ಕಾರಿನ್ ಹಳೆಯ ಸಾಮಾನು, ಅಗ್ಗದ ಬಣ್ಣ ಮತ್ತು ಸ್ವಂತ ದುಡಿಮೆಯಿಂದ ಕಟ್ಟಿಕೊಂಡವರು ಎಂಬುದೇ ನನ್ನನ್ನು ಆತನ ಬದುಕಿನತ್ತ ಸೆಳೆಯಿತು.

ಲಾರ್ಸನ್ ಹುಟ್ಟಿದ್ದು 1853ರ ಮೇ 28ರಂದು, ಸ್ಟಾಕ್‌ಹೋಮ್‌ನ ಹಳೆಯ ಪೇಟೆಯಲ್ಲಿ. ಬಾಲ್ಯ ಕಳೆದದ್ದು ಆ ನಗರದ ಕೊಳೆಗೇರಿಗಳಲ್ಲಿ. ಒಂದೊಂದು ಕೋಣೆಯಲ್ಲಿ ಮೂರು ಕುಟುಂಬಗಳು ತುಂಬಿಕೊಂಡಿರುತ್ತಿದ್ದ ಕೇರಿಯದು. ತಂದೆ ಕೂಲಿನಾಲಿ ಮಾಡುತ್ತಿದ್ದವನು. ಮಗ ಹುಟ್ಟಿದ ದಿನವನ್ನೇ ಶಪಿಸಿದವನು. ಆ ಮಾತು ಮಗನ ಎದೆಯಲ್ಲಿ ಕೊನೆಯವರೆಗೂ ಮುಳ್ಳಾಗಿ ಉಳಿಯಿತು. ತಾಯಿ ಊರವರ ಬಟ್ಟೆ ಒಗೆದು ಸಂಸಾರ ತೂಗಿಸಿದಳು. ಮನೆ ಎಂಬ ಮಾತಿಗೆ ನಾವು ಕೊಡುವ ಅರ್ಥ ಆ ಬಾಲಕನಿಗೆ ಪರಿಚಯವೇ ಇರಲಿಲ್ಲ.

ಬಡ ಮಕ್ಕಳ ಶಾಲೆಯ ಉಪಾಧ್ಯಾಯರೊಬ್ಬರು ಹುಡುಗನ ಕೈಯಲ್ಲಿದ್ದ ರೇಖೆಯ ಶಕ್ತಿಯನ್ನು ಗುರುತಿಸಿದ್ದರಿಂದ ಹದಿಮೂರನೆಯ ವಯಸ್ಸಿನಲ್ಲಿ ಆತ ರಾಜ ಕಲಾ ಅಕಾಡೆಮಿಯ ಆರಂಭಿಕ ತರಗತಿಗೆ ಸೇರಿದ. ಮುಂದೆ ಹಾಸ್ಯಪತ್ರಿಕೆಗೆ ವ್ಯಂಗ್ಯಚಿತ್ರ, ವಾರಪತ್ರಿಕೆಗೆ ರೇಖಾಚಿತ್ರ ಬರೆದು ತನ್ನನ್ನೂ ತಂದೆತಾಯಿಯನ್ನೂ ಸಾಕಿದ. 1877ರಲ್ಲಿ ಪ್ಯಾರಿಸ್‌ಗೆ ಹೋದವನಿಗೆ ಅಲ್ಲಿ ಹಲವು ವರ್ಷ ಸೋಲೇ ಗತಿಯಾಯಿತು. 1882ರಲ್ಲಿ ಪ್ಯಾರಿಸ್‌ನ ದಕ್ಷಿಣಕ್ಕಿರುವ ಗ್ರೇ ಎಂಬ ಹಳ್ಳಿಯ ಸ್ವೀಡಿಷ್ ಕಲಾವಿದರ ಗುಂಪನ್ನು ಸೇರಿಕೊಂಡ ಮೇಲೆ ಎರಡು ಒಳ್ಳೆಯ ಸಂಗತಿಗಳು ಘಟಿಸಿದವು. ತೈಲವರ್ಣದ ಭಾರವನ್ನು ಕೆಳಗಿಟ್ಟು ಜಲವರ್ಣವನ್ನು ಹಿಡಿದದ್ದು ಒಂದು. ಕಾರಿನ್ ಬೆರ್ಗೊ ಎಂಬ ಚಿತ್ರಕಾರ್ತಿಯನ್ನು ಭೇಟಿಯಾದದ್ದು ಇನ್ನೊಂದು. 1859ರಲ್ಲಿ ಅನುಕೂಲಸ್ಥ ವರ್ತಕರ ಮನೆಯಲ್ಲಿ ಹುಟ್ಟಿದ ಕಾರಿನ್ ಅದೇ ಅಕಾಡೆಮಿಯಲ್ಲಿ ಕಲಿತು ಪ್ಯಾರಿಸ್‌ಗೆ ಬಂದವಳು. 1883ರಲ್ಲಿ ಅವರ ಮದುವೆಯಾಯಿತು.

1888ರಲ್ಲಿ ಕಾರಿನ್‌ಳ ತಂದೆ ಮಗಳು ಅಳಿಯನಿಗೆ ಒಂದು ಪುಟ್ಟ ಮರದ ಮನೆಯನ್ನು ಉಡುಗೊರೆಯಾಗಿ ಕೊಟ್ಟರು. ಡಾಲಾರ್ನಾ ಸೀಮೆಯ ಫಾಲುನ್ ಪಟ್ಟಣದ ಸಮೀಪ, ಸುಂಡ್‌ಬೋರ್ನ್ ಎಂಬ ಹಳ್ಳಿಯ ಹೊಳೆದಂಡೆಯಲ್ಲಿದ್ದ ಆ ಮನೆಯ ಹೆಸರು ಲಿಲ್ಲ ಹ್ಯುತ್ನೆಸ್. ಅದಿರು ಕರಗಿಸುವ ಕುಲುಮೆಯಿದ್ದ ದಂಡೆಯ ಪುಟ್ಟ ಮನೆ ಎಂದು ಅದರ ಅರ್ಥ. ಹೆಸರಿಗೆ ತಕ್ಕಂತೆ ಸುತ್ತಲ ನೆಲದಲ್ಲಿ ಅದಿರಿನ ಕಿಟ್ಟ ಹರಡಿತ್ತು. ಲಾರ್ಸನ್ ಆಗ ಗೋಥೆನ್‌ಬರ್ಗ್‌ನ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಬೇಸಿಗೆಯ ರಜೆಗೆ ಬಂದು ಹೋಗುವ ಬಿಡಾರವಾಗಿ ಆರಂಭವಾದ ಆ ಮನೆ 1901ರಿಂದ ಕುಟುಂಬದ ಕಾಯಂ ನೆಲೆಯಾಯಿತು.

ಅಲ್ಲಿ ಅವರು ಮಾಡಿದ್ದನ್ನು ಅರಿಯಬೇಕಾದರೆ ಅಂದಿನ ಸಿರಿವಂತರ ಮನೆಗಳನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಮಖಮಲ್ಲಿನ ದಪ್ಪ ಪರದೆ, ಕಪ್ಪು ಮೆರುಗಿನ ಭಾರಿ ಪೀಠೋಪಕರಣ, ಅತಿಥಿಗಳಿಗೆಂದೇ ಬಾಗಿಲು ಮುಚ್ಚಿಟ್ಟ ಹಜಾರ. ಆರು ತಿಂಗಳು ಸೂರ್ಯನಿಗಾಗಿ ಹಂಬಲಿಸುವ ನಾಡಿನಲ್ಲಿ ಬೆಳಕನ್ನು ಹೊರಗಿಡುವುದೇ ಅಂತಸ್ತಾಗಿತ್ತು. ಲಾರ್ಸನ್ ದಂಪತಿ ಪರದೆಗಳನ್ನು ಕೈಬಿಟ್ಟು ಕಿಟಕಿಯಲ್ಲಿ ಹೂಕುಂಡಗಳನ್ನಿಟ್ಟರು. ಹಳೆಯ ಶೈಲಿಯವೆಂದು ಜನ ಮೂಲೆಗೆ ತಳ್ಳಿದ್ದ ಹದಿನೆಂಟನೆಯ ಶತಮಾನದ ಕುರ್ಚಿಗಳಿಗೆ ಬಿಳಿ ಬಣ್ಣ ಬಳಿದು, ನೀಲಿ ಬಿಳಿ ಪಟ್ಟೆಯ ಹತ್ತಿಯ ಗವಸು ತೊಡಿಸಿದರು. ಕೊಳೆಯಾದರೆ ಕಳಚಿ ಒಗೆದರಾಯಿತು. ಊಟದ ಕೋಣೆಯಲ್ಲಿ ಒಂದಕ್ಕೊಂದು ಹೊಂದದ ಸಾಮಾನುಗಳಿಗೆ ಒಂದೇ ಕೆಂಪು ಬಣ್ಣ ಹಚ್ಚಿ, ಗೋಡೆಯ ಹಲಗೆಗೆ ಹಸಿರು ಬಳಿದರು. ಬೇರೆ ಬೇರೆ ಮನೆಗಳಿಂದ ಬಂದವು ಒಂದೇ ಮನೆಯವಾದವು. ಬೆಲೆಯ ಗೋಡೆಕಾಗದದ ಬದಲು ಲಾರ್ಸನ್ ಗೋಡೆಯಂಚಿನಲ್ಲಿ ಹೂಮಾಲೆಗಳನ್ನು ತಾನೇ ಬರೆದ. ಬಾಗಿಲುಗಳ ಮೇಲೆ ಮನೆಯವರ ಚಿತ್ರಗಳನ್ನೂ ಬರೆದ. ಮರಗೆಲಸಕ್ಕೆ ಹಳ್ಳಿಯ ಬಡಗಿಗಳಿದ್ದರು, ನಕ್ಷೆ ಮಾತ್ರ ಮನೆಯವರದು.

ಬಣ್ಣದ ಮಾತು ಬಂದಾಗ ಫಾಲುನ್‌ನ ಕೆಂಪನ್ನು ಮರೆಯುವಂತಿಲ್ಲ. ಆ ಪಟ್ಟಣದಲ್ಲಿ ಶತಮಾನಗಳ ಕಾಲ ನಡೆದು 1992ರಲ್ಲಿ ಮುಚ್ಚಿದ ತಾಮ್ರದ ಗಣಿಯಿತ್ತು. ತಾಮ್ರ ತೆಗೆದು ಬಿಸಾಡಿದ ಅದಿರಿನ ಕಸದಿಂದ ಸಿಗುವ ಕಬ್ಬಿಣದ ಕಾವಿಯನ್ನು ನೀರು, ರೈ ಧಾನ್ಯದ ಹಿಟ್ಟು ಮತ್ತು ಅಗಸೆ ಎಣ್ಣೆಯೊಡನೆ ಕುದಿಸಿದರೆ ಮರವನ್ನು ಕಾಪಾಡುವ ಕೆಂಪು ಬಣ್ಣ ಸಿದ್ಧ. ಇಟ್ಟಿಗೆಯ ಮಹಲುಗಳನ್ನು ಅನುಕರಿಸಲು ಸಿರಿವಂತರು ಮೊದಲು ಬಳಸಿದ ಈ ಬಣ್ಣ ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ರೈತರ ಗುಡಿಸಲುಗಳಿಗೂ ಇಳಿದಿತ್ತು. ಲಾರ್ಸನ್ ಮನೆಯ ಹೊರಗೋಡೆಯ ಕೆಂಪೂ ಅದೇ. ಇದನ್ನು ಓದುವಾಗ ನನಗೆ ಹಬ್ಬದ ಮುನ್ನಾದಿನ ಸುಣ್ಣದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದ ನಮ್ಮ ಅಜ್ಜಿಯಂದಿರು ಕಣ್ಣಿಗೆ ಕಟ್ಟಿದರು. ಕಾಲ ಕೆಳಗಿನ ನೆಲ ಕೊಡುವ ಬಣ್ಣವೇ ಊರಿನ ಬಣ್ಣವಾಗುವ ರೀತಿ ಎಲ್ಲೆಡೆಯೂ ಒಂದೇ.

ಈ ಮನೆ ಜಗತ್ತಿಗೆ ತಿಳಿದದ್ದು ಒಂದು ಕೆಟ್ಟ ಬೇಸಿಗೆಯ ದೆಸೆಯಿಂದ. ಎಡೆಬಿಡದೆ ಮಳೆ ಸುರಿದು ಹೊರಗೆ ಕುಳಿತು ಚಿತ್ರ ಬರೆಯಲಾಗದೆ ಲಾರ್ಸನ್ ಸಿಡಿಮಿಡಿಗುಟ್ಟುತ್ತಿದ್ದಾಗ, ಮನೆಯ ಕೋಣೆಗಳನ್ನೇ ಏಕೆ ಬರೆಯಬಾರದೆಂದು ಸೂಚಿಸಿದವಳು ಕಾರಿನ್. ಹಾಗೆ ಹುಟ್ಟಿದ ಸರಣಿಯ ಇಪ್ಪತ್ನಾಲ್ಕು ಚಿತ್ರಗಳು ‘ಎಟ್ ಹೆಮ್’, ಅಂದರೆ ‘ಒಂದು ಮನೆ’ ಎಂಬ ಪುಸ್ತಕವಾಗಿ 1899ರಲ್ಲಿ ಬಂದವು. ತಮ್ಮ ಮನೆಯನ್ನು ಚೆಂದಗೊಳಿಸಿಕೊಳ್ಳಲು ಬಯಸುವವರಿಗೆ ಮಾದರಿಯಾಗಲೆಂದೇ ಇದನ್ನು ಮುಂದಿಡುತ್ತಿದ್ದೇನೆ ಎಂಬುದು ಲೇಖಕನ ಆಶಯವಾಗಿತ್ತು. ಅದೇ ವರ್ಷ ಸ್ವೀಡನ್ನಿನ ಚಿಂತಕಿ ಎಲೆನ್ ಕೇ ಸೌಂದರ್ಯ ಎಲ್ಲರ ಹಕ್ಕೆಂದು ವಾದಿಸುವ ಕೃತಿಯನ್ನು ಪ್ರಕಟಿಸಿದರು. ಸರಳವಾದದ್ದು, ಅಗ್ಗವಾದದ್ದು, ಬಳಕೆಗೆ ಒದಗುವುದು ಸುಂದರವೂ ಆಗಬಲ್ಲದೆಂಬುದಕ್ಕೆ ಅವರಿಗೆ ಸುಂಡ್‌ಬೋರ್ನ್‌ನ ಮನೆ ನಿದರ್ಶನವಾಯಿತು. 1909ರಲ್ಲಿ ಲಾರ್ಸನ್ ಚಿತ್ರಗಳ ಅಗ್ಗದ ಆವೃತ್ತಿ ಜರ್ಮನಿಯಲ್ಲಿ ಬಂದಾಗ ಮೂರೇ ತಿಂಗಳಲ್ಲಿ ನಲವತ್ತು ಸಾವಿರ ಪ್ರತಿಗಳು ಖರ್ಚಾದವು.

ಇಲ್ಲಿಗೆ ನಿಲ್ಲಿಸಿದರೆ ಕತೆ ಸುಖಾಂತವಾಗುತ್ತದೆ. ಆದರೆ ಆ ಚಿತ್ರಗಳನ್ನು ಮತ್ತೊಮ್ಮೆ ನೋಡಬೇಕು. ನೆಲದ ಹಾಸು, ದಿಂಬಿನ ಹೊದಿಕೆ, ಮಕ್ಕಳ ಅಂಗಿ, ಮೇಜಿನ ವಸ್ತ್ರ ಇವೆಲ್ಲ ಯಾರ ಕೈಕೆಲಸ? ಕಾರಿನ್‌ಳದು. ಮೊದಲ ಮಗಳು 1884ರಲ್ಲಿ ಹುಟ್ಟಿದ ಮೇಲೆ ಆಕೆ ಚಿತ್ರ ಬರೆಯುವುದನ್ನು ಬಿಟ್ಟಳು. ಗಂಡ ಹೆಂಡತಿ ಇಬ್ಬರೂ ಒಂದೇ ಅಕಾಡೆಮಿಯಲ್ಲಿ ಕಲಿತವರು. ಕುಂಚ ಕೆಳಗಿಟ್ಟವಳು ಒಬ್ಬಳು. ಎಂಟು ಮಕ್ಕಳನ್ನು ಹೆತ್ತು, ಮನೆ ನಡೆಸಿ, ಉಳಿದ ಹೊತ್ತಿನಲ್ಲಿ ಆಕೆ ಮಗ್ಗದ ಮುಂದೆ ಕುಳಿತು ನೇಯ್ದ ವಸ್ತ್ರಗಳು ಕಾಲಕ್ಕಿಂತ ಎಷ್ಟು ಮುಂದಿದ್ದವೆಂಬುದನ್ನು ಪಂಡಿತರು ಗುರುತಿಸಲು ದಶಕಗಳೇ ಹಿಡಿದವು. ಮನೆಯ ಎಷ್ಟೋ ಪೀಠೋಪಕರಣಗಳ ವಿನ್ಯಾಸವೂ ಆಕೆಯದೇ. ಗಂಡನ ಚಿತ್ರಗಳಲ್ಲಿ ಆಕೆ ಕಾಣಿಸುವುದು ಹೆಚ್ಚಾಗಿ ತಾಯಿಯಾಗಿ, ಗೃಹಿಣಿಯಾಗಿ. ಮನೆಯ ಅರ್ಧಕ್ಕಿಂತ ಹೆಚ್ಚಿನದು ಆಕೆಯ ಕೃತಿ ಎಂದು ನಾನಂತೂ ನಂಬುತ್ತೇನೆ. ಕಡಿಮೆ ಖರ್ಚಿನಲ್ಲಿ ಚೆಂದದ ಮನೆ ಎನ್ನುವಾಗ ನಾವು ಲೆಕ್ಕಕ್ಕೆ ಹಿಡಿಯದಿರುವುದು ಸಾಮಾನ್ಯವಾಗಿ ಮನೆಯ ಹೆಣ್ಣಿನ ದುಡಿಮೆಯನ್ನು. ಹರಿದ ಸೀರೆಗಳನ್ನು ಮಡಿಸಿ ಮಧ್ಯಾಹ್ನವೆಲ್ಲ ಕೌದಿ ಹೊಲಿಯುತ್ತಿದ್ದ ನನ್ನ ತಾಯಿಯ ಬೆನ್ನುನೋವು ಯಾವ ಖರ್ಚಿನ ಪಟ್ಟಿಯಲ್ಲಿತ್ತು?

ಚಿತ್ರಗಳಲ್ಲಿ ಕಾಣದ ನೆರಳುಗಳೂ ಇವೆ. ಒಂದು ಮಗು ಶೈಶವದಲ್ಲೇ ಹೋಯಿತು. ಹಿರಿಯ ಮಗ ಉಲ್ಫ್ 1905ರಲ್ಲಿ ಹದಿನೆಂಟರ ಹರೆಯದಲ್ಲಿ ತೀರಿಕೊಂಡ. ಲಾರ್ಸನ್‌ನನ್ನು ಖಿನ್ನತೆ ಆಗಾಗ ಆವರಿಸುತ್ತಿತ್ತು. ಬಿಸಿಲಿನ ಆ ಕೋಣೆಗಳು ಆತ ಬದುಕಿದ ಬದುಕಿನ ಪೂರ್ಣ ವರದಿಯಲ್ಲ. ಆತನಿಗೆ ಬೇಕಾಗಿದ್ದ ಬದುಕು. ಕೊಳೆಗೇರಿಯ ಬಾಲಕ ತನಗೆ ದೊರೆಯದ ಮನೆಯನ್ನು ತನ್ನ ಮಕ್ಕಳಿಗಾಗಿ ಮೊದಲು ಮರದಲ್ಲಿ ಕಟ್ಟಿದ, ಆಮೇಲೆ ಕಾಗದದ ಮೇಲೆ ಕಟ್ಟಿದ.

ಆತ ಮಹತ್ವಾಕಾಂಕ್ಷಿಯೂ ಆಗಿದ್ದ. ಸ್ಟಾಕ್‌ಹೋಮ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗೋಡೆಗಳಿಗೆ ಬೃಹತ್ ಭಿತ್ತಿಚಿತ್ರಗಳನ್ನು ಬರೆದು 1896ರಲ್ಲಿ ಮುಗಿಸಿದ್ದ. ಉಳಿದಿದ್ದ ಇನ್ನೊಂದು ಗೋಡೆಗೆಂದು ವರ್ಷಗಟ್ಟಲೆ ಶ್ರಮಿಸಿ ಬರೆದ, ರಾಜನೊಬ್ಬನ ಬಲಿದಾನದ ಚಿತ್ರವನ್ನು ಸಂಗ್ರಹಾಲಯ ನಿರಾಕರಿಸಿತು. ಆ ಕಹಿಯೊಡನೆಯೇ ಆತ 1919ರ ಜನವರಿ 22ರಂದು ಫಾಲುನ್‌ನಲ್ಲಿ ಕಣ್ಣುಮುಚ್ಚಿದ. ಜಪಾನಿನ ಸಂಗ್ರಾಹಕರೊಬ್ಬರ ಕೈಸೇರಿದ್ದ ಆ ಚಿತ್ರವನ್ನು ಅದೇ ಸಂಗ್ರಹಾಲಯ 1997ರಲ್ಲಿ ಕೊಂಡುಕೊಂಡು ಆತ ಬಯಸಿದ್ದ ಗೋಡೆಗೇ ಏರಿಸಿತು. ಆದರೆ ಅಷ್ಟರೊಳಗೆ ದೇಶದ ಗೋಡೆಗಿಂತ ಮನೆಯ ಗೋಡೆಯೇ ಆತನನ್ನು ಅಮರನನ್ನಾಗಿ ಮಾಡಿಯಾಗಿತ್ತು. ಮನೆಯ ಚಿತ್ರಗಳೇ ತನ್ನ ಕೆಲಸದಲ್ಲಿ ಬಾಳುವಂಥವೆಂದು ಕೊನೆಗಾಲದಲ್ಲಿ ಬರೆದ ಆತ್ಮಕಥೆಯಲ್ಲಿ ಆತನೂ ಒಪ್ಪಿಕೊಂಡಿದ್ದ. ಕಾರಿನ್ 1928ರಲ್ಲಿ ತೀರಿಕೊಂಡಳು. ವಂಶಸ್ಥರು ಜತನದಿಂದ ಕಾಯ್ದುಕೊಂಡು ಬಂದ ಆ ಮನೆಯನ್ನು ಇಂದಿಗೂ ಜನ ನೋಡಲು ಹೋಗುತ್ತಾರೆ.

1997ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯ ಕಾರ್ಲ್ ಮತ್ತು ಕಾರಿನ್ ಇಬ್ಬರ ಹೆಸರಿನಲ್ಲೂ ಪ್ರದರ್ಶನ ಏರ್ಪಡಿಸಿತು. ಅದರ ಪ್ರಾಯೋಜಕತ್ವ ವಹಿಸಿದ್ದು ಸ್ವೀಡನ್ನಿನದೇ ಆದ ಐಕಿಯ ಕಂಪನಿ. ಅದು ಸಹಜವೇ. ತಿಳಿಬಣ್ಣದ ಮರ, ಪಟ್ಟೆಯ ಬಟ್ಟೆ, ಬೆಳಕು ತುಂಬಿದ ಕೋಣೆ ಎಂಬ ಸ್ವೀಡಿಷ್ ಶೈಲಿಯ ಬೇರು ಇರುವುದು ಸುಂಡ್‌ಬೋರ್ನ್‌ನಲ್ಲಿ. 2022ರ ಜೂನ್‌ನಲ್ಲಿ ಅದೇ ಕಂಪನಿಯ ಮಳಿಗೆ ಬೆಂಗಳೂರಿನ ನಾಗಸಂದ್ರದಲ್ಲಿ ತೆರೆದಾಗ ಜನ ಸಾಲುಗಟ್ಟಿ ನಿಂತರು. ಅದನ್ನು ಹಳಿಯುವ ಉದ್ದೇಶ ನನ್ನದಲ್ಲ. ಮಧ್ಯಮ ವರ್ಗದವರ ಕೈಗೆಟುಕುವ ಬೆಲೆಗೆ ಒಪ್ಪವಾದ ವಸ್ತು ಸಿಗುವುದು ಒಳ್ಳೆಯದೇ. ಆದರೆ ಲಾರ್ಸನ್ ದಂಪತಿ ಮಾದರಿಯಾಗಿ ಮುಂದಿಟ್ಟದ್ದು ಒಂದು ನೋಟವನ್ನಲ್ಲ, ಒಂದು ನಡೆಯನ್ನು. ನಾವು ನೋಟವನ್ನು ಕೊಂಡು ತರುತ್ತಿದ್ದೇವೆ, ನಡೆಯನ್ನು ಅಂಗಡಿಯಲ್ಲೇ ಬಿಟ್ಟು ಬರುತ್ತಿದ್ದೇವೆ.

ಲಾರ್ಸನ್‌ನ ಮನೆ ಬಡವನ ಮನೆಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಮಾವ ಕೊಟ್ಟ ಸೂರಿತ್ತು, ಕಲಿತ ಕೈಗಳಿದ್ದವು, ಮುಂದೆ ಕೀರ್ತಿಯೂ ಹಣವೂ ಬಂದವು. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ ಬೇಕಾದವರಿಗೆ ಗೋಡೆಯ ಮೇಲೆ ಹೂಮಾಲೆ ಬರೆಯಿರಿ ಎನ್ನಲಾಗದು. ಆದರೂ ಒಂದು ಕುರ್ಚಿ ನಮ್ಮದಾಗಿರುತ್ತದೆ, ಒಂದು ಕಿಟಕಿಯ ಅಂಚು ನಮ್ಮದಾಗಿರುತ್ತದೆ.

ಅಂದಾಜು ಪಟ್ಟಿಯನ್ನು ನಾವು ವಂದನೆಯೊಡನೆ ಹಿಂದಿರುಗಿಸಿದೆವು. ಎರಡು ಭಾನುವಾರ ನಾನು, ನನ್ನ ಹೆಂಡತಿ, ಮಗಳು ಸೇರಿ ಹಲಸಿನ ಮೇಜನ್ನು ಮರಳುಕಾಗದದಿಂದ ತಿಕ್ಕಿ, ಕಾಲುಗಳಿಗೆ ಕೆಂಪು ಬಣ್ಣ ಹಚ್ಚಿದೆವು. ಒಂದು ಕಾಲಿನ ಮೇಲೆ ಬಣ್ಣ ಇಳಿದು ಗೆರೆಯಾಗಿದೆ. ಅಮ್ಮನ ಕೌದಿ ಈಗ ಪೆಟ್ಟಿಗೆಯಿಂದ ಹೊರಬಂದು ದಿವಾನದ ಮೇಲಿದೆ. ಅದನ್ನು ಯಾರಾದರೂ ಮೆಚ್ಚಿದರೆ ಹೊಲಿದವಳ ಹೆಸರನ್ನು ಮೊದಲು ಹೇಳುತ್ತೇನೆ.